ತಳದ ನೀರು

ನಮ್ಮಣ್ಣ ಮಾದೇಶನಿಗೆ ಒಂದು ಕೆಟ್ಟ ಚಾಳಿ. ನೀರು ಹರಿಯುವುದು ಕಂಡರೆ ಸಾಕು, ಅದು ಗಂಟೆಗೆ ಎಷ್ಟು, ನಿಮಿಷಕ್ಕೆ ಎಷ್ಟು ಎಂದು ಬಾಯಲ್ಲೇ ಗುಣಿಸಿ ಭಾಗಿಸಿ ಹೇಳಿಬಿಡಬೇಕು. ನನ್ನ ಮದುವೆಯ ದಿನ ಅಡುಗೆಯವರ ಡ್ರಮ್ಮಿನ ಮುಂದೆ ನಿಂತು, ಪೈಪಿನಿಂದ ಬೀಳುತ್ತಿದ್ದ ನೀರಿಗೆ ಲೆಕ್ಕ ಹಾಕುತ್ತಿದ್ದವನನ್ನು ಧಾರೆಗೆ ಎಳೆದು ತರಬೇಕಾಯಿತು.

ಕೊಳತ್ತೂರಿನಿಂದಾಚೆ, ಮೆಟ್ಟೂರು ಡ್ಯಾಮಿನ ಹಿನ್ನೀರಿನ ದಡದಲ್ಲಿ ನಮ್ಮೂರು. ಅಲ್ಲಿನ ಕುಡಿಯುವ ನೀರಿನ ಪಂಪ್‌ಹೌಸಿನಲ್ಲಿ ಅಣ್ಣ ಆಪರೇಟರ್. ಮೀಟರು ತೋರಿಸುವುದು ಗಂಟೆಗೆ ಇಷ್ಟು ಘನ ಮೀಟರ್ ಎಂದು. ಆಫೀಸಿನವರು ಫೋನಿನಲ್ಲಿ ಕೇಳುವುದು ಸೆಕೆಂಡಿಗೆ ಎಷ್ಟು ಲೀಟರ್ ಎಂದು. ತಿಂಗಳ ಕೊನೆಗೆ ಬರುವ ಎಂಜಿನಿಯರಿಗೆ ಬೇಕಾಗುವುದು ದಿನಕ್ಕೆ ಎಷ್ಟು ಲಕ್ಷ ಲೀಟರ್ ಎಂದು. ಒಂದೇ ನೀರನ್ನು ಮೂರು ಜನಕ್ಕೆ ಮೂರು ಥರ ಹೇಳಿ ಹೇಳಿ ಅವನ ತಲೆಯೇ ಹಾಗೆ ತಿರುಗಿಕೊಂಡಿತ್ತು.

"ಮೂವತ್ತಾರಕ್ಕೆ ಅತ್ತು, ಅಷ್ಟೇ ಕಣೇ ವಾಣಿ," ಎಂದು ಮೂವತ್ತಾರು, ಹತ್ತರ ಪಾಠವನ್ನು ನನಗೂ ಮಾಡುತ್ತಿದ್ದ. "ಗಂಟೆಗೆ ಮೂವತ್ತಾರ್ ಕ್ಯೂಬಿಕ್ ಮೀಟರ್ ಅಂದ್ರೆ ಸೆಕೆಂಡ್‌ಗೆ ಅತ್ತು ಲೀಟ್ರು. ಇದ್ನ ಮನಸ್ಸಲ್ ಇಟ್ಕೊಂಡ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಬರುತ್ತೆ."

ನನಗೇಕೆ ಬೇಕು ಅದು. ಓಮಲೂರಿನಲ್ಲಿ ಹೆಂಗಸರ ಜಾಕೀಟು ಹೊಲಿದು ಬದುಕುವವಳು ನಾನು.

ಅಮ್ಮನೊಬ್ಬಳೇ ಅವನ ಲೆಕ್ಕವನ್ನು ಕಿವಿಗೊಟ್ಟು ಕೇಳುತ್ತಿದ್ದದ್ದು. ಸಂಜೆ ಅವನು ಡ್ಯೂಟಿ ಮುಗಿಸಿ ಬಂದು ಜಗಲಿಯ ಮೇಲೆ ಕೂತರೆ, "ಇವತ್ತ್ ಎಷ್ಟ್ ಕೊಡ ಆಯ್ತು ಮಗಾ?" ಎನ್ನುವಳು. ಮನೆಗೆ ನಲ್ಲಿ ಬರುವ ಮೊದಲು ಹಿನ್ನೀರಿನಿಂದ ತಲೆಯ ಮೇಲೆ ಹೊತ್ತು ತಂದವಳು ಅವಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಷ್ಟೂ ಅವಳ ನಡಿಗೆ ಉದ್ದವಾಗುತ್ತಿತ್ತು. ಅವಳಿಗೆ ನೀರೆಂದರೆ ಕೊಡ, ಬೇರೆ ಅಳತೆ ಗೊತ್ತಿಲ್ಲ. ಅಣ್ಣ ಲೀಟರನ್ನು ಹದಿನೈದರಿಂದ ಭಾಗಿಸಿ ಇಷ್ಟು ಸಾವಿರ ಕೊಡ ಎಂದು ಹೇಳುವನು. ಅಮ್ಮ ತಲೆ ಮುಟ್ಟಿಕೊಂಡು, "ಅಯ್ಯೋ, ಯಾರ್ ಒತ್ತಾರಪ್ಪ ಅಷ್ಟ್ನೂ," ಎಂದು ನಗುವಳು.

ಅವನ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತೊಟ್ಟಿಯ ತಳದ ನೀರನ್ನು ಅವನು ಎಂದೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪಂಪ್‌ಹೌಸಿನ ತೊಟ್ಟಿಯಲ್ಲಿ ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಮೋಟರು ಸುಟ್ಟುಹೋಗುತ್ತದೆ. ಅವನಿಗಿಂತ ಮುಂಚೆ ಇದ್ದ ಪೆರುಮಾಳ್ ಎನ್ನುವವರ ಕೆಲಸ ಹೋದದ್ದೇ ಹಾಗೆ. ಅದಕ್ಕೇ ಅಣ್ಣ ಮೊದಲು ತೊಟ್ಟಿಯ ಕಾಲು ಭಾಗ ಕಳೆದುಬಿಟ್ಟು, ಉಳಿದದ್ದನ್ನು ಮಾತ್ರ ನೀರು ಎನ್ನುತ್ತಿದ್ದ. "ತಳದ್ದು ನಮ್ದಲ್ಲ" ಎನ್ನುವುದು ಅವನ ಮಾತು. ಕಾಫಿ ಲೋಟದಲ್ಲೂ ತಳಕ್ಕೆ ಒಂದು ಗುಟುಕು ಬಿಡುತ್ತಾನೆ. ಇಂದುಜಾ ಅತ್ತಿಗೆ ಅದಕ್ಕೆ ಬೈಯದ ದಿನವಿಲ್ಲ.

ಅಮ್ಮನ ಹೆಸರು ಸಿದ್ದಲಕ್ಷ್ಮಮ್ಮ. ಹೊಗೆ ತುಂಬಿದ ಅಡುಗೆಮನೆಯಲ್ಲಿ ವಯಸ್ಸು ಸವೆಸಿದವಳು. ಎರಡು ವರ್ಷದಿಂದ ಅವಳ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು. ಈ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಸೇಲಮ್ಮಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿದೆವು. ಮೂಗಿನ ಕೊಳವೆ ಸಾಲದೆ ಮಾಸ್ಕು ಹಾಕಿದರು. ನಿಮಿಷಕ್ಕೆ ಐದು ಲೀಟರ್ ಆಕ್ಸಿಜನ್ ಇದ್ದದ್ದು ಏಳಾಯಿತು, ಹತ್ತಾಯಿತು. ಒಂದು ಬೆಳಗ್ಗೆ ಡಾಕ್ಟರು ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದು, ಇನ್ನು ಮಾಡುವುದೇನೂ ಇಲ್ಲ, ಇವತ್ತೋ ನಾಳೆಯೋ ಎಂದರು. ಇಲ್ಲೇ ಇದ್ದರೆ ಇಲ್ಲೇ, ಕರೆದುಕೊಂಡು ಹೋಗುವುದಾದರೆ ಈಗಲೇ ಹೊರಡಿ, ಸಂಜೆಗೆ ಕಾಯಬೇಡಿ ಎಂದರು.

ಇಲ್ಲೇ ಇರಲಿ ಎಂದು ನಾನೆಂದೆ. ಹತ್ತು ಲೀಟರ್ ಸಿಗುತ್ತಿದೆ, ಹಾಸಿಗೆ ಇದೆ, ನೋವಿಗೆ ಸೂಜಿ ಇದೆ. ಅಣ್ಣ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲವೆಂದು ನನಗೂ ಗೊತ್ತಿತ್ತು.

ನಮ್ಮೂರಿನಲ್ಲಿ ಒಂದು ಕಟ್ಟು ಇದೆ. ಊರ ಹೊರಗೆ ಉಸಿರು ಹೋದವರನ್ನು ಮನೆಯೊಳಕ್ಕೆ ತರುವುದಿಲ್ಲ. ಊರ ಬಾಯಲ್ಲಿ ಒಂದು ಹುಣಸೆಮರ ಇದೆ, ಅಲ್ಲೇ ಗರಿ ಚಪ್ಪರ ಹಾಕಿ ಮಲಗಿಸುತ್ತಾರೆ. ಅಳುವವರು ಅಲ್ಲಿಗೇ ಹೋಗಿ ಅಳಬೇಕು. ನಮ್ಮಪ್ಪ ನಂಜಪ್ಪ ಈರೋಡಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹಾಗೇ ಆಯಿತು. ತಾನೇ ಕಲ್ಲು ಹೊತ್ತು ಕಟ್ಟಿದ ಮನೆ ಕೂಗಳತೆಯಲ್ಲಿತ್ತು. ಅಪ್ಪ ಮಾತ್ರ ಮರದ ಕೆಳಗೆ, ಹೋಗಿಬರುವ ಟೌನ್ ಬಸ್ಸಿನ ಧೂಳಿನಲ್ಲಿ. ಅಮ್ಮ ಅವನ ಮುಖದ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಬಸ್ಸು ಬಂದಾಗಲೆಲ್ಲಾ ಮತ್ತೆ ಒರೆಸುವಳು. ಆ ದಿನವೇ ನಮ್ಮಿಬ್ಬರಿಂದಲೂ ಕೈಮೇಲೆ ಕೈ ಹಾಕಿಸಿಕೊಂಡು ಮಾತು ತೆಗೆದುಕೊಂಡಳು, ತನ್ನನ್ನು ಮರದ ಕೆಳಗೆ ಮಲಗಿಸಬಾರದು ಎಂದು.

ಆ ಕಟ್ಟು ಮಾಡಿದವರು ಯಾರೋ, ಅವರ ಮನೆಯವರು ಯಾರೂ ಆಸ್ಪತ್ರೆ ಕಂಡಿರಲಿಕ್ಕಿಲ್ಲ. ನನಗೆ ಅದರ ಮೇಲೆ ಅಂದೂ ಸಿಟ್ಟಿತ್ತು, ಇಂದೂ ಇದೆ. ಆದರೆ ಸಿಟ್ಟು ನನ್ನದು, ಸಾಯುತ್ತಿದ್ದವಳು ಅಮ್ಮ. ಅವಳ ಹತ್ತಿರ ಬಾಗಿ ಕೇಳಿದೆ. ಮಾಸ್ಕಿನೊಳಗಿಂದ, "ಮನೆಗೆ," ಎಂದಳು. ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡಳು.

ಸಿಕ್ಕ ಆಂಬುಲೆನ್ಸು ಒಂದೇ. ಡ್ರೈವರ್ ತಮಿಳ್‌ಸೆಲ್ವನ್, ಮೂವತ್ತರ ಆಸುಪಾಸಿನ ಸಪ್ಪೆ ಮುಖದ ಹುಡುಗ. ಗಾಡಿಯ ದೊಡ್ಡ ಸಿಲಿಂಡರ್ ತುಂಬಿಸಲು ಹೋಗಿದೆಯಂತೆ, ಸಣ್ಣದೊಂದೇ ಇದ್ದದ್ದು. ಬೇರೆ ಗಾಡಿ ಎಂದರೆ ಸಂಜೆ ಆಗುತ್ತದೆ ಎಂದ. ಸಿಲಿಂಡರಿನ ಗೇಜಿನ ಗಾಜು ಒಡೆದು, ಮುಳ್ಳು ಅಲುಗದೆ ಒಂದೇ ಕಡೆ ನಿಂತಿತ್ತು. ಒಳಗೆ ಎಷ್ಟಿದೆ ಎಂದು ನೋಡಿ ಹೇಳುವ ಹಾಗಿರಲಿಲ್ಲ. ಗಾಳಿ ಎಷ್ಟು ಹೋಗುತ್ತಿದೆ ಎಂದು ತೋರಿಸುವ ಗಾಜಿನ ಕೊಳವೆ ಮಾತ್ರ ಸರಿಯಾಗಿತ್ತು. ಅದರೊಳಗೊಂದು ಸಣ್ಣ ಗುಂಡು. ತಿರುಪು ತಿರುಗಿಸಿದರೆ ಗುಂಡು ಮೇಲೇರಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸುತ್ತದೆ.

ಅಮ್ಮನನ್ನು ಗಾಡಿಗೆ ಏರಿಸುವಾಗ ನರ್ಸಮ್ಮ ನನ್ನ ಕೈ ಹಿಡಿದು ತಮಿಳಿನಲ್ಲಿ ಹೇಳಿದರು: ಹತ್ತು ಆಗದಿದ್ದರೆ ಎಂಟು, ಎಂಟಕ್ಕಿಂತ ಇಳಿಸಬೇಡಮ್ಮಾ, ತುಂಬಾ ಸಂಕಟಪಡುತ್ತಾರೆ.

ಅಣ್ಣ ಸಿಲಿಂಡರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅದರ ಮೈಮೇಲೆ ಒಂದೂವರೆ ಘನ ಮೀಟರ್ ಎಂದು ಅಚ್ಚಾಗಿತ್ತು.

"ಸಾವಿರದೈನೂರ್ ಲೀಟ್ರು," ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಡ್ರೈವರನ್ನು ಕೇಳಿದ. ಬೆಳಗ್ಗೆ ಒಂದು ಕೇಸಿಗೆ ಬಳಸಿದ್ದು, ನಿಮಿಷಕ್ಕೆ ಐದರಂತೆ ಒಂದು ಗಂಟೆ ಎಂದ ಅವನು. ಅಣ್ಣನ ತುಟಿ ಅಲುಗಿತು. "ಮುನ್ನೂರ್ ಓಯ್ತು. ಸಾವಿರದಿನ್ನೂರ್ ಐತೆ. ತಳದ್ ಕಾಲು ಭಾಗ ನಮ್ದಲ್ಲ. ಒಂಬೈನೂರ್."

ರಸ್ತೆ ಎರಡೂವರೆ ಗಂಟೆಯದು. ಮೇಚೇರಿಯ ಹತ್ತಿರ ಕೆಲಸ ನಡೆಯುತ್ತಿದೆ, ಕಮ್ಮಿಯಾಗುವುದಿಲ್ಲ ಎಂದು ಡ್ರೈವರ್ ಹೇಳಿದ್ದ. ಅಣ್ಣ ತಿರುಪು ತಿರುಗಿಸಿದ. ಗುಂಡು ಇಳಿದು ಆರಕ್ಕೆ ನಿಂತಿತು.

"ಎಂಟು ಅಂದ್ರಣ್ಣ ನರ್ಸಮ್ಮ," ಎಂದೆ.

"ಎಂಟಿಕ್ಕಿದ್ರೆ ಕೊಳತ್ತೂರ್ ದಾಟಾಕಿಲ್ಲ. ಆಮೇಲ್ ಅಮ್ಮುಂಗೆ ಏನೂ ಇರಾಕಿಲ್ಲ. ಆರೇ ಕರೆಕ್ಟು."

ಅವನ ದನಿಯಲ್ಲಿ ಆಫೀಸರುಗಳಿಗೆ ಫೋನಿನಲ್ಲಿ ಲೆಕ್ಕ ಒಪ್ಪಿಸುವ ಗಟ್ಟಿತನವಿತ್ತು. ಘನ ಮೀಟರೆಂದರೆ ಏನೆಂದೇ ಕೇಳಿಸಿಕೊಳ್ಳದೆ ವಯಸ್ಸು ಕಳೆದವಳು ಯಾವ ಬಾಯಲ್ಲಿ ವಾದ ಮಾಡಲಿ.

ಗಾಡಿ ಹೊರಟಿತು. ಅಮ್ಮನ ಕತ್ತಿನ ಕೆಳಗಿನ ಗುಳಿ ಉಸಿರಿಗೊಮ್ಮೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ತಾರಮಂಗಲ ದಾಟುವ ಹೊತ್ತಿಗೆ ತುಟಿಯ ಬಣ್ಣ ಬದಲಾಯಿತು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೀಸಣಿಗೆ ಬೀಸಿದೆ. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತು, ಆದರೂ ಕೈ ನಿಲ್ಲಲಿಲ್ಲ. ಅಣ್ಣ ಅವಳ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ಗುಂಡಿನ ಮೇಲಿತ್ತು.

"ಅಣ್ಣ, ಸ್ವಲ್ಪ ಏರ್ಸು."

"ಆಗಾಕಿಲ್ಲ ವಾಣಿ."

"ಒಂದ್ ಗಳಿಗೆ ಆದ್ರೂ ಏರ್ಸು. ನೋಡಾಕಾಗಾಕಿಲ್ಲ."

"ಈಗ್ ಏರ್ಸಿದ್ದು ಆಮೇಲ್ ಎಲ್ಲಿಂದ ಬರುತ್ತೆ?"

ಅಷ್ಟರಲ್ಲಿ ಅಮ್ಮ ಕಣ್ಣು ಬಿಟ್ಟಳು. ನಮ್ಮ ಜಗಳ ಕೇಳಿಸಿರಬೇಕು. ಬೆರಳಿನಿಂದ ಅಣ್ಣನನ್ನು ಹತ್ತಿರ ಕರೆದಳು. ಅವನು ಬಾಗಿ ಮಾಸ್ಕಿಗೆ ಕಿವಿ ಕೊಟ್ಟ.

"ಎಷ್ಟ್... ಕೊಡ?" ಎಂದಳು.

ಆರನ್ನು ಹದಿನೈದರಿಂದ ಭಾಗಿಸಲು ಅವನಿಗೆ ಹೊತ್ತು ಬೇಕಿರಲಿಲ್ಲ. ಆದರೂ "ನಿಮಿಷಕ್ ಅರ್ಧ ಕೊಡ ಅಮ್ಮಾ," ಎಂದ. ಅರ್ಧ ಕೊಡವೂ ಆಗುವುದಿಲ್ಲವೆಂದು ನನಗೇ ಗೊತ್ತಿತ್ತು. ಅಮ್ಮ ಸಾಕು ಎನ್ನುವಂತೆ ಅಂಗೈ ಅಲ್ಲಾಡಿಸಿ ಕಣ್ಣು ಮುಚ್ಚಿದಳು.

ಮೇಚೇರಿಯಲ್ಲಿ ಗಾಡಿ ನಿಂತೇ ಹೋಯಿತು. ರಸ್ತೆ ಅಗೆದು ಒಂದೇ ಕಡೆ ಬಿಡುತ್ತಿದ್ದರು. ಸೈರನ್ ಕೂಗಿದರೂ ಮುಂದಿನ ಲಾರಿ ಸರಿಯಲು ಜಾಗವಿರಲಿಲ್ಲ. ಅಲ್ಲಿಂದ ಬಿಡಿಸಿಕೊಂಡು ಮೆಟ್ಟೂರು ಸೇರುವಾಗ ನನ್ನ ಸಹನೆ ಮುಗಿದಿತ್ತು. ಇಲ್ಲಿಯ ಯಾವುದಾದರೂ ಆಸ್ಪತ್ರೆಗೆ ತಿರುಗಿಸೋಣ, ಬೇರೆ ಸಿಲಿಂಡರ್ ಕೇಳೋಣ ಎಂದೆ. ಸುಮ್ಮನೆ ಕೊಡುವುದಿಲ್ಲ, ಪೇಶೆಂಟನ್ನು ಇಳಿಸಿ ಅಡ್ಮಿಟ್ ಮಾಡಿ ಎನ್ನುತ್ತಾರೆ ಎಂದು ಡ್ರೈವರ್ ಹೇಳಿದ. ಅಡ್ಮಿಟ್ ಮಾಡಿದರೆ ಅಲ್ಲೇ, ಆಮೇಲೆ ಹುಣಸೆಮರ. ಅಣ್ಣ ನನ್ನ ಮುಖ ನೋಡಿದ.

"ನೀನೇ ಯೋಳು. ನೀನ್ ತಿರುಗ್ಸು ಅಂದ್ರೆ ತಿರುಗ್ಸ್ತೀನಿ."

ನನ್ನ ಮೇಲೆ ಹಾಕಿದನಲ್ಲ ಎಂದು ಮೈಯೆಲ್ಲ ಉರಿಯಿತು. "ಓಗ್ಲಿ," ಎಂದೆ. "ಓಗ್ಲಿ, ಊರ್ಗೇ ಓಗ್ಲಿ." ಹಾಗೆಂದು ಅವನ ಕಡೆ ಬೆನ್ನು ತಿರುಗಿಸಿದೆ. ಮನಸ್ಸಿನಲ್ಲಿ ಅವನನ್ನು ಬೈದದ್ದನ್ನು ಇಲ್ಲಿ ಬರೆಯಲಾರೆ. ಹೆತ್ತ ತಾಯಿಯ ಉಸಿರನ್ನು ನಲ್ಲಿ ನೀರು ಬಿಟ್ಟ ಹಾಗೆ ಬಿಗಿಹಿಡಿದು ಬಿಡುತ್ತಾನಲ್ಲ, ಇವನೂ ಒಬ್ಬ ಮಗನೇ ಎಂದುಕೊಂಡೆ.

ಡ್ಯಾಮು ತುಂಬಿತ್ತು. ಕೊಳತ್ತೂರು ಕಳೆದ ಮೇಲೆ ಬಲಗಡೆಗೆ ಹಿನ್ನೀರು ಕಾಣುತ್ತಲೇ ಇತ್ತು. ಗಾಳಿ ಹಾದುಹೋಗಲು ಸಿಲಿಂಡರಿಗೆ ಸಿಕ್ಕಿಸಿದ್ದ ನೀರಿನ ಬಾಟಲಿಯಲ್ಲಿ ಗುಳ್ಳೆ ಏಳುವುದನ್ನು ನಾವಿಬ್ಬರೂ ನೋಡುತ್ತಾ ಕೂತಿದ್ದೆವು, ಯಾವಾಗ ನಿಲ್ಲುತ್ತದೋ ಎಂದು. ಅದು ನಿಲ್ಲಲಿಲ್ಲ. ಅಮ್ಮನೂ ನಿಲ್ಲಿಸಲಿಲ್ಲ.

ಹುಣಸೆಮರ ಬಂದಾಗ ಅಣ್ಣ ಅವಳ ಕಿವಿಯಲ್ಲಿ, "ಅಮ್ಮಾ, ಮರ ದಾಟ್ತಾ ಇದೀವಿ," ಎಂದ. ಅವಳು ಕಣ್ಣು ಬಿಟ್ಟಳು. ಗಾಡಿಯ ಕಿಟಕಿಯಲ್ಲಿ ಮರದ ನೆರಳು ಬಂದು ಹೋಯಿತು. ಅವಳು ನೋಡಿದಳು ಎಂದೇ ನಾನು ನಂಬಿದ್ದೇನೆ.

ಅತ್ತಿಗೆ ಜಗಲಿ ಸಾರಿಸಿ ಚಾಪೆ ಹಾಸಿದ್ದಳು. ಊರು ಬೆಳಗ್ಗಿನಿಂದಲೇ ಸಿದ್ಧವಾಗಿತ್ತು, ತಮಟೆಯವರೂ ಬಂದು ಬೇಲಿಯ ಬಳಿ ಬೀಡಿ ಸೇದುತ್ತಿದ್ದರು. ಬದುಕಿರುವವಳ ಮುಂದೆ ಇವರನ್ನು ಯಾಕೆ ಕರೆಸಿದಿರಿ ಎಂದು ಕೂಗಾಡಲು ನನಗೆ ಹೊತ್ತಿರಲಿಲ್ಲ. ಅಮ್ಮನನ್ನು ಇಳಿಸಿ ಜಗಲಿಯ ಮೇಲೆ ಮಲಗಿಸಿದೆವು. ಡ್ರೈವರ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದು ಪಕ್ಕದಲ್ಲಿಟ್ಟ. ಅಣ್ಣ ತಿರುಪನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸಿಬಿಟ್ಟ. "ಇನ್ ಎಷ್ಟೈತೋ ಅಷ್ಟೂ ತಗೋ ಅಮ್ಮಾ, ಮನೆ ಬಂತು," ಎಂದ.

ಅಮ್ಮ ತಲೆಯ ಮೇಲಿನ ತೊಲೆಯನ್ನು ನೋಡಿದಳು. ಅಪ್ಪ ಕೂರಿಸಿದ ತೊಲೆ. ಅತ್ತಿಗೆ ಮಾಸ್ಕು ಸರಿಸಿ ಬಾಯಿಗೆ ಒಂದು ಚಮಚ ನೀರು ಬಿಟ್ಟಳು. ನೀರು ಗಂಟಲಲ್ಲಿ ಇಳಿಯಿತು. ಮತ್ತೆ ಮಾಸ್ಕು ಹಾಕುವಷ್ಟರಲ್ಲಿ ಕತ್ತಿನ ಗುಳಿ ಅಲುಗುವುದು ನಿಂತಿತ್ತು. ಅಣ್ಣ ಕೈಚಾಚಿ ತಿರುಪು ಮುಚ್ಚಿದ. ನೀರಿನವನ ಕೈ ಅದು, ಬೇಡದಿದ್ದಾಗ ತಾನಾಗಿ ಮುಚ್ಚುತ್ತದೆ.

ಅಳು ಎದ್ದಿತು. ಬೇಲಿಯ ಬಳಿ ತಮಟೆ ಶುರುವಾಯಿತು. ನಾನೂ ಅತ್ತೆ. ಆಮೇಲೆ ಗಾಡಿಯಲ್ಲಿ ಬಿಟ್ಟಿದ್ದ ಅಮ್ಮನ ಸೀರೆಯ ಗಂಟು ನೆನಪಾಗಿ ತರಲು ಹೋದೆ. ಡ್ರೈವರ್ ಸಿಲಿಂಡರನ್ನು ಹಿಂದಕ್ಕೆ ಒಯ್ದು, ಕೊಳವೆ ಬಿಚ್ಚಿ, ಅದರ ಬಾಯಿಗೆ ಕೀಲಿ ಹಾಕಿ ಒಮ್ಮೆ ತಿರುಗಿಸಿ ನೋಡುತ್ತಿದ್ದ. ಬುಸ್ ಎಂದು ಗಾಳಿ ನುಗ್ಗಿತು. ಅವನು ಬೆಚ್ಚಿ ಮುಚ್ಚಿದ.

"ಅಕ್ಕಾ, ಇದುಲ ಇನ್ನುಂ ನಿರೈಯ ಇರುಕ್ಕು," ಎಂದ. ಇನ್ನೂ ಬೇಕಾದಷ್ಟಿದೆ.

ಅದು ತಳದ್ದು, ತಳದ ಕಾಲು ಭಾಗ ಬಳಸಲಾಗುವುದಿಲ್ಲವಂತಲ್ಲ ಎಂದೆ.

ಅವನು ನನ್ನನ್ನು ಅರ್ಥವಾಗದವನ ಹಾಗೆ ನೋಡಿದ. "ಗ್ಯಾಸುಕ್ಕು ಏದುಕ್ಕಾ ಅಡಿ? ಕಡೈಸಿ ವರೈಕ್ಕುಂ ವರುಂ," ಎಂದ. ಗಾಳಿಗೆ ಎಲ್ಲಿಯ ತಳ ಅಕ್ಕಾ, ಕೊನೆಯವರೆಗೂ ಬರುತ್ತದೆ ಎಂದು. ಅಣ್ಣ ಗೊಣಗಿಕೊಂಡದ್ದು ಕನ್ನಡದಲ್ಲಿ. ಇವನಿಗೆ ಹೇಗೆ ತಿಳಿಯಬೇಕು.

ನನಗೆ ಲೆಕ್ಕ ಬರುವುದಿಲ್ಲ. ಆ ದಿನ ಮಾತ್ರ ಬಂತು. ಒಂಬೈನೂರಲ್ಲ, ಸಾವಿರದಿನ್ನೂರು. ಅಷ್ಟೇ ದಾರಿಗೆ ಹಂಚಿದರೆ ಆರಲ್ಲ, ಎಂಟು. ನರ್ಸಮ್ಮ ಹೇಳಿದ ಎಂಟು. ದಾರಿಯುದ್ದಕ್ಕೂ ಅಮ್ಮನ ತಲೆಯ ಪಕ್ಕದಲ್ಲೇ ಅವಳ ಉಸಿರು ಕಬ್ಬಿಣದೊಳಗೆ ಕೂತಿತ್ತು. ಅವಳು ನೀಲಿ ತುಟಿ ಬಿಟ್ಟುಕೊಂಡು ಬಾಯಿ ಬಾಯಿ ಬಿಡುತ್ತಿದ್ದಳು. ಪಂಪ್‌ಹೌಸಿನ ತೊಟ್ಟಿಗೆ ಮಾಡುವ ಹಾಗೆ ಇವನು ಅದನ್ನು ತಳವೆಂದು ಕಳೆದುಬಿಟ್ಟಿದ್ದ.

ಅಣ್ಣನ ಎದುರಿಗೆ ಹೋಗಿ ಎಲ್ಲರ ಮುಂದೆ ಹೇಳಬೇಕೆಂದು ತಿರುಗಿದೆ. ಬಾಯಿಗೆ ಮಾತೂ ಬಂದಿತ್ತು. ಅವನು ಅಮ್ಮನ ಕಾಲ ಬಳಿ ಕೂತು ಎರಡೂ ಪಾದಗಳನ್ನು ಒತ್ತುತ್ತಿದ್ದ, ಅವಳು ನೋವೆಂದಾಗ ಒತ್ತುತ್ತಿದ್ದ ಹಾಗೆಯೇ. ಅತ್ತಿಗೆ ಅವನ ಕೈ ಬಿಡಿಸಲು ನೋಡುತ್ತಿದ್ದಳು. ಆಮೇಲೆ ಅವನೇ ಎದ್ದ. ಲುಂಗಿ ಸರಿ ಮಾಡಿಕೊಂಡು ಗಾಡಿಯ ಕಡೆ ನೋಡಿದ. ಲೆಕ್ಕ ಹಾಕಿದವನು ಕೊನೆಗೆ ಹೋಗಿ ತೊಟ್ಟಿ ಇಣುಕಿ ನೋಡದೆ ಇರಲಾರ. ಅವನು ಜಗಲಿ ಇಳಿದು ನಮ್ಮ ಕಡೆಗೇ ಬರತೊಡಗಿದ.

"ಬಿಡು, ಎಲ್ಲಾ ಬಿಟ್ಬಿಡು ತಂಬಿ," ಎಂದೆ ಡ್ರೈವರಿಗೆ, ಅವನ ತಮಿಳಿನಲ್ಲೇ.

"ಅಡುತ್ತ ಕೇಸುಕ್ಕು ಆಗುಮೇ ಅಕ್ಕಾ," ಎಂದ ಅವನು. ಮುಂದಿನ ಯಾರಿಗಾದರೂ ಆಗುತ್ತಿತ್ತಲ್ಲ ಎಂದು. ಅವನು ಹೇಳಿದ್ದು ನ್ಯಾಯವೇ. ಆದರೆ ಮುಂದಿನವರು ಯಾರೋ ನನಗೆ ಕಾಣುತ್ತಿರಲಿಲ್ಲ, ಬರುತ್ತಿದ್ದವನು ಕಾಣುತ್ತಿದ್ದ. ನಾನು ಕೈ ಮುಗಿದೆ. ಅವನು ನನ್ನನ್ನೂ ನೋಡಿದ, ಅಣ್ಣನನ್ನೂ ನೋಡಿದ, ಕೀಲಿಯನ್ನು ಪೂರ್ತಿ ತಿರುಗಿಸಿದ.

ತಮಟೆಯ ಸದ್ದಿನಲ್ಲಿ ಅದು ಹೊರಗೆ ಕೇಳಿಸಲಿಲ್ಲ. ಗಾಡಿಯೊಳಗೆ ನಿಂತಿದ್ದ ನನಗೆ ಪೂರ್ತಿ ಕೇಳಿಸಿತು. ದಾರಿಯಲ್ಲಿ ಯಾರೋ ಹೆಂಗಸರು ಅಣ್ಣನನ್ನು ಹಿಡಿದು ಗೋಳಾಡಿದರು, ಅದರಿಂದ ಅಷ್ಟು ಹೊತ್ತು ಸಿಕ್ಕಿತು. ಗಾಳಿ ಮೊದಲು ಜೋರಾಗಿ ಹೋಯಿತು, ಆಮೇಲೆ ಮೆತ್ತಗೆ, ಆಮೇಲೆ ಒಬ್ಬರು ಮಲಗಿ ಉಸಿರಾಡುವಷ್ಟು. ಅಮ್ಮನಿಗೆ ಕೊಡಬಹುದಾಗಿದ್ದದ್ದು ನನ್ನ ಮುಖದ ಮೇಲೆ ತಣ್ಣಗೆ ತಾಗಿ ಹೋಗುತ್ತಿತ್ತು. ಅದನ್ನು ಎಳೆದುಕೊಳ್ಳಬಾರದು ಎಂದು ನಾನು ಮೂಗು ಮುಚ್ಚಿಕೊಂಡು ನಿಂತೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಅಣ್ಣ ಬಂದು ಸಿಲಿಂಡರಿನ ಮೇಲೆ ಕೈಯಿಟ್ಟ. "ತಣ್ಣಗೈತೆ," ಎಂದ. ಕೀಲಿಯನ್ನು ತಾನೇ ತಿರುಗಿಸಿ ನೋಡಿದ. ಏನೂ ಬರಲಿಲ್ಲ. ಇಷ್ಟೂ ಖಾಲಿಯಾಗಬಾರದಲ್ಲ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದ. ಜಗಲಿಯ ಮೇಲೆ ಪೂರ್ತಿ ತೆರೆದದ್ದು ನೆನಪಾಯಿತೋ ಏನೋ, ಹುಬ್ಬು ಸಡಿಲವಾಯಿತು.

"ಏನೂ ಮಿಗ್ಲಿಲ್ವಾ ವಾಣಿ?"

"ಇಲ್ಲಣ್ಣ. ಎಲ್ಲಾ ಅಮ್ಮುಂಗೇ ಆಯ್ತು."

"ತಳದ್ದೂವಾ?"

"ತಳದ್ದೂ."

ತಮಿಳ್‌ಸೆಲ್ವನ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮುಂದಿನ ಸೀಟಿಗೆ ಹೋದ. ಅಣ್ಣ ಗಾಡಿಯ ಮೆಟ್ಟಿಲ ಮೇಲೆ ಕೂತು, ಬೆಳಗ್ಗಿನಿಂದ ತಡೆದಿದ್ದದ್ದನ್ನೆಲ್ಲಾ ಅತ್ತ. ನಾನು ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ನನ್ನ ಸಿಟ್ಟು ಎಲ್ಲೂ ಹೋಗಿರಲಿಲ್ಲ, ಅದನ್ನೂ ಹಿಡಿದುಕೊಂಡೇ ಇದ್ದೆ.

ಈಗ ದುಃಖ ಕೇಳಲು ಯಾರೇ ಬರಲಿ, ಅಣ್ಣ ಅವರಿಗೆ ಲೆಕ್ಕ ಹೇಳುತ್ತಾನೆ. ಒಂದೂವರೆ ಘನ ಮೀಟರೆಂದರೆ ಎಷ್ಟು ಲೀಟರ್, ಬೆಳಗ್ಗಿನ ಕೇಸಿಗೆ ಹೋದದ್ದೆಷ್ಟು, ನಿಮಿಷಕ್ಕೆ ಆರಿಟ್ಟದ್ದು ಯಾಕೆ. "ಎಂಟಿಕ್ಕಿದ್ರೆ ಕೊಳತ್ತೂರಲ್ಲೇ ನಿಂತೋಗ್ತಿತ್ತು," ಎನ್ನುತ್ತಾನೆ. "ಜಗಲಿ ಮೇಲ್ ಮಲಗ್ಸಿ, ಕೊನೇ ಉಸಿರಿಗೂ ಗಾಳಿಗೂ ಒಂದ್ ತೊಟ್ಟೂ ಎಚ್ಚುಕಮ್ಮಿ ಆಗ್ಲಿಲ್ಲ. ಅಲ್ವಾ ವಾಣಿ?"

ಬಂದವರು ನನ್ನ ಕಡೆ ತಿರುಗುತ್ತಾರೆ. ನಾನು ಊಂ ಎನ್ನುತ್ತೇನೆ.